ರೆಕ್ಕೆಯೊಳಗೆ ಎಂಟನೇ ಕ್ಲಾಸು

“ಒಳಗ ಯಾರದಾರ?”

“ಎಂಟನೇ ಕ್ಲಾಸ್ ಐತ್ರಿ,” ಎಂದಳು ಚನ್ನಮ್ಮ.

ಬೈಕಿನಿಂದ ಇಳಿದವನು ಹೆಲ್ಮೆಟ್ ತೆಗೆಯುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದ. ಡಂಬಳದಿಂದ ಗುಡ್ಡದ ಕಡೆ ಹೋಗುವ ದಾರಿಯ ಪಕ್ಕದ ಬಯಲಿನಲ್ಲಿ ಕರೆಂಟು ಹುಟ್ಟಿಸುವ ಗಾಳಿ ಫ್ಯಾನಿನ ಬಿಳಿ ರೆಕ್ಕೆಯೊಂದು ಮಲಗಿತ್ತು. ಗುಡ್ಡದ ಮೇಲೆ ತಿರುಗುವಾಗ ಗುಬ್ಬಿ ರೆಕ್ಕೆಯಷ್ಟು ಕಾಣುವುದು ನೆಲಕ್ಕಿಳಿದರೆ ರೈಲಿನ ಡಬ್ಬಿಗಿಂತ ಉದ್ದ. ಅದರ ದುಂಡನೆಯ ಟೊಳ್ಳು ಬುಡದಿಂದ ನಗು, ಕೆಮ್ಮು, ಯಾರೋ ಯಾರನ್ನೋ ಚಿವುಟಿದ ಚೀರಾಟ ಎಲ್ಲ ಒಟ್ಟಿಗೆ ಹೊರಬರುತ್ತಿತ್ತು.

“ಇಡೀ ಕ್ಲಾಸ?”

“ಇಬ್ಬರು ಬಂದಿಲ್ಲ. ಜ್ವರ.”

ನಗಬಾರದೆಂದು ಅವನು ತುಟಿ ಬಿಗಿಹಿಡಿದದ್ದು ಅವಳಿಗೆ ಕಂಡಿತು. ಅವಳಿಗೆ ಎಲ್ಲವೂ ಕಾಣುತ್ತಿತ್ತು. ಅದೇ ಅವಳ ಕಷ್ಟ.

“ನೀವು ವಾಚಮನ್ ಏನ್ರಿ? ಬೈಯೂದಿದ್ರ ನನ್ನ ಬೈರಿ. ಹುಡುಗ್ರನ್ನ ಕರಕೊಂಡು ಬಂದಾಕಿ ನಾನು.”

“ವಾಚಮನ್ ಅಲ್ರಿ. ಫ್ಯಾನ್ ಏರಿ ರಿಪೇರಿ ಮಾಡಾಂವ. ಗವಿಸಿದ್ದೇಶ ಅಂತ, ಕೋಟುಮಚಗಿಯಾಂವ.” ಅವಳ ಕೈಯಲ್ಲಿದ್ದ ಬಡಿಗೆಯತ್ತ ನೋಡಿದ. “ಇದು ನನಗೇನ್ರಿ?”

“ಹಾವಿಗೆ. ಮೊದಲ ನಾ ಒಬ್ಬಾಕಿನ ಒಳಗ ಹೋಗಿ, ಬಡದು ನೋಡಿ, ಆಮ್ಯಾಲೆ ಅವರನ್ನ ಬಿಟ್ಟೀನಿ.”

“ಹಾವಿಗೆ ಅಂಜಂಗಿಲ್ಲೇನು?”

“ಅಂಜತೀನಿ. ಭಾಳ.”

ಈ ಸಲ ಅವನು ನಗುವನ್ನು ತಡೆಯಲಿಲ್ಲ.

ಬೆಟಗೇರಿಯಿಂದ ದಿನಾ ಮುಂಡರಗಿ ಬಸ್ಸು ಹಿಡಿದು ಬರುವ ಚನ್ನಮ್ಮ ಡಂಬಳದ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಆ ವರ್ಷ ಶಾಲೆ ಶುರುವಾದ ಹೊಸದರಲ್ಲಿ ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟಿದ್ದಳು. ನಿಮಗೆ ಎಂಥ ಜಾಗದಲ್ಲಿ ಕೂತು ಓದಬೇಕು ಅನ್ನಿಸುತ್ತದೆ? ಬರೆಯಬೇಡಿ, ಮಾಡಿ ತೋರಿಸಿ. ಜೋಳದ ದಂಟು, ಕೆರೆಯ ಮಣ್ಣು, ಹಳೆಯ ರಟ್ಟು ಎಲ್ಲ ಶಾಲೆಗೆ ಬಂತು. ಪರಶುರಾಮ ಗಿಡದ ಮೇಲೊಂದು ಕೋಣೆ ಮಾಡಿದ. ರೇಷ್ಮಾ ಮಾಡಿದ್ದು ಉದ್ದನೆಯ ಕೊಳವೆ.

“ಇದರಾಗ ಹೊಕ್ಕೊಂಡು ಕುಂತ್ರ ನೀರು ತುಂಬು ಬಾ, ಕಸಾ ಹೊಡಿ ಬಾ ಅಂತ ಯಾರು ಕರದ್ರೂ ಕೇಳಂಗಿಲ್ರಿ ಅಕ್ಕೋರ,” ಎಂದು ಅದನ್ನು ವಿವರಿಸಿದಳು. ಹುಡುಗಿಯರೆಲ್ಲ ಒಮ್ಮೆಗೇ ಕೈಯೆತ್ತಿದರು. ಕ್ಲಾಸಿನಲ್ಲಿ ಹುಡುಗಿಯರೇ ಹೆಚ್ಚು. ಕೊಳವೆ ಗೆದ್ದಿತು.

ಗೆದ್ದದ್ದು ರಟ್ಟಿನಲ್ಲೇ ಉಳಿಯಬಾರದು ಎಂದು ಹಟ ಹಿಡಿದವಳು ಚನ್ನಮ್ಮ. ಸಿಮೆಂಟ್ ಪೈಪು ನೋಡಿದಳು, ಇಕ್ಕಟ್ಟಾಯಿತು. ಒಂದು ಸಂಜೆ ಬಸ್ಸಿನ ಕಿಟಕಿಯಿಂದ ಬಯಲಿನ ರೆಕ್ಕೆ ಕಂಡಿತು.

ಗವಿಸಿದ್ದೇಶ ಎಲ್ಲವನ್ನೂ ಕೇಳಿಕೊಂಡು, ಕಂಪನಿಯವರ ಹತ್ತಿರ ತಾನೇ ಮಾತಾಡುವೆನೆಂದ. ಹೇಗೂ ಅದನ್ನು ಒಯ್ಯಲು ಅವರಿಗೂ ತಾಪತ್ರಯ. ಚನ್ನಮ್ಮನಿಗೆ ಅಷ್ಟು ಸಾಲದು. ಇದರ ಧೂಳು ಮೈಗೆ ಚುಚ್ಚುತ್ತದೆಯೇ? ಬಿಸಿಲಿಗೆ ಒಳಗೆ ಎಷ್ಟು ಕಾಯುತ್ತದೆ? ಉರುಳಿದರೆ? ಅವನು ಒಂದೊಂದಕ್ಕೂ ಬೇಸರವಿಲ್ಲದೆ ಉತ್ತರ ಕೊಟ್ಟ.

“ಮತ್ತ ಇದನ್ನ ಯಾಕ ಇಳಿಸೀರಿ?”

“ಡ್ಯಾಮೇಜ್ ಆಗಿತ್ರಿ,” ಎಂದು ಅವನು ಗುಡ್ಡದ ಕಡೆ ನೋಡಿದ.

ಆ ನೋಟ ಅವಳಿಗೆ ಕಂಡಿತು. ಆದರೆ ಅವನು ತಿರುಗಿ ಮತ್ತೆ ನಕ್ಕಾಗ, ಎಂದೂ ಇಲ್ಲದಂತೆ, ಒಂದು ಪ್ರಶ್ನೆಯನ್ನು ಕೇಳದೆ ಬಿಟ್ಟಳು.

ರೆಕ್ಕೆಯ ಬುಡದ ಭಾಗ ಕ್ರೇನಿನಲ್ಲಿ ಶಾಲೆಯ ಅಂಗಳಕ್ಕೆ ಬಂದು ಬೇವಿನ ನೆರಳಿನಲ್ಲಿ ಕೂತಿತು. ಒಂದು ತುದಿಯಲ್ಲಿ ಎದ್ದು ನಿಲ್ಲಬಹುದು, ಇನ್ನೊಂದು ತುದಿಯಲ್ಲಿ ಕೂರಲಷ್ಟೇ ಜಾಗ. ಗವಿಸಿದ್ದೇಶ ರಜೆ ಸಿಕ್ಕ ದಿನವೆಲ್ಲ ಮಷಿನ್ ಹಿಡಿದು ಬಂದ. ಮುಖಕ್ಕೆ ಮಾಸ್ಕು, ಕಣ್ಣಿಗೆ ಕನ್ನಡಕ. ಕೊಯ್ಯುವಾಗ ಮಕ್ಕಳನ್ನು ಅಂಗಳದ ಆಚೆ ನಿಲ್ಲಿಸುವುದು ಚನ್ನಮ್ಮನ ಕೆಲಸ.

ಕಿಟಕಿ ಎಲ್ಲಿರಬೇಕು ಎಂಬುದನ್ನು ಮಕ್ಕಳೇ ತೀರ್ಮಾನಿಸಿದರು. ತಾವು ಕೂರುವಲ್ಲಿ ಕೂತು, ಕಣ್ಣಿನ ಮಟ್ಟಕ್ಕೆ ಒಬ್ಬೊಬ್ಬರೂ ಚಾಕ್ ಗುರುತು ಹಾಕಿದರು. ಗುರುತುಗಳು ಮೇಲೆ ಕೆಳಗೆ, ಸಂತೆಗೆ ಬಂದ ಜನರ ತಲೆಗಳ ಹಾಗೆ.

“ನೀವೂ ಕುಂಡ್ರಿ ಮೇಡಂ,” ಎಂದ ಗವಿಸಿದ್ದೇಶ.

“ನನಗ್ಯಾಕ?”

“ನೀವು ಓದಂಗಿಲ್ಲೇನು?”

ಅವಳು ಸೀರೆ ಒತ್ತರಿಸಿಕೊಂಡು ಕೂತಳು. ಅವನು ಚಾಕ್ ಹಿಡಿದು ಎದುರಿಗೆ ಮಂಡಿಯೂರಿದ. ಅವಳ ಕಣ್ಣನ್ನೂ ಗೋಡೆಯನ್ನೂ ಸರದಿಯಂತೆ ನೋಡಿದ. ಸರದಿ ಕಣ್ಣಿನ ಕಡೆ ಬಂದಾಗೆಲ್ಲ ಸ್ವಲ್ಪ ಹೆಚ್ಚು ಹೊತ್ತು ನಿಂತಿತು.

“ಕಣ್ಣು ಕೆಳಗ ಹಾಕಬ್ಯಾಡ್ರಿ. ಅಳತಿ ತಪ್ಪತೈತಿ.”

“ಅಳತಿ ಆಗಿ ಭಾಳ ಹೊತ್ತಾತು,” ಎಂದಳು ಅವಳು.

ಹೊರಗಿನಿಂದ ಮಕ್ಕಳು ಕಿಸಿಕಿಸಿ ನಕ್ಕರು. ಶಾಲೆಯಲ್ಲಿ ಬಿಸಿಯೂಟ ಮಾಡುವ ಜನ್ನತಬಿ ಮಾತ್ರ ಬಾಯಿಬಿಟ್ಟು ಕೇಳಿಯೇಬಿಟ್ಟಳು. “ಅಲ್ಲ, ಊರ ಮಂದಿಯೆಲ್ಲ ಅಕ್ಕೋರ ಅಕ್ಕೋರ ಅಂತಾರ. ಈ ಫ್ಯಾನಿನ ಸಾಹೇಬ್ರು ಮಾತ್ರ ಮೇಡಂ ಅಂತಾರ. ಅಕ್ಕ ಅನ್ನಾಕ ಏನ ತ್ರಾಸು?”

ಗವಿಸಿದ್ದೇಶನ ಕಿವಿ ಕೆಂಪಾದವು. ಚನ್ನಮ್ಮ ಹಾಜರಿ ತೆಗೆದುಕೊಳ್ಳುವ ನೆಪದಲ್ಲಿ ಕ್ಲಾಸಿಗೆ ನಡೆದಳು. ಆ ದಿನ ಹಾಜರಿ ಬೆಳಿಗ್ಗೆಯೇ ಆಗಿತ್ತು.

ಒಳಗೆ ನುಣುಪು ಮಾಡಿ, ಮೇಲೆ ಬಣ್ಣ ಬಳಿಯುವ ಹೊತ್ತಿಗೆ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷ ಹುಚ್ಚೀರಪ್ಪ ಸಭೆ ಕರೆದ. ಕೆಟ್ಟ ಮನುಷ್ಯನಲ್ಲ. ಶಾಲೆಯ ಕಾಂಪೌಂಡಿಗೆ ತನ್ನ ಟ್ರ್ಯಾಕ್ಟರಿನಲ್ಲೇ ಕಲ್ಲು ತರಿಸಿದವನು. ಆದರೆ ಆ ದಿನ ಅವನ ಮುಖ ಗಟ್ಟಿಯಾಗಿತ್ತು.

“ಅಕ್ಕೋರ, ಇದು ಸಿಡಲ ಬಡದದ್ದಂತ. ಖರೆ ಏನು? ಸಿಡಲ ಬಡದ ಗಿಡದ ಕಟಗಿ ಸುದ್ದಾ ನಾವು ಒಲಿಗೆ ಹಾಕಂಗಿಲ್ಲ. ಅದರಾಗ ನಮ್ಮ ಹುಡುಗ್ರನ್ನ ಕುಂಡ್ರಸ್ತೀರಿ?”

“ಇಲ್ರಿ. ಅದು ಬರೇ ಡ್ಯಾಮೇಜ್ ಆಗಿದ್ದು. ಇವರನ್ನ ಕೇಳ್ರಿ.” ಚನ್ನಮ್ಮ ಗವಿಸಿದ್ದೇಶನ ಕಡೆ ತಿರುಗಿದಳು.

ಅವನು ತಲೆ ತಗ್ಗಿಸಿದ. “ಖರೆ ಐತ್ರಿ,” ಎಂದ. “ಸಿಡಲಿನಿಂದನ ತುದಿ ಒಡದಿತ್ತು. ಅದನ್ನ ಕೊಯ್ದು ಗುಡ್ಡದ ಬುಡದಾಗ ಬಿಟ್ಟೀವಿ.”

ಸಭೆಯಲ್ಲಿ ಗದ್ದಲವೆದ್ದಿತು. ಸೋಮವಾರದೊಳಗೆ ಅಂಗಳ ಖಾಲಿಯಾಗಬೇಕು ಎಂದು ಹುಚ್ಚೀರಪ್ಪ ಎದ್ದುಹೋದ. ಚನ್ನಮ್ಮನಿಗೆ ಅದು ಕೇಳಿಯೂ ಕೇಳದ ಹಾಗಿತ್ತು.

ಹಿಂದೊಮ್ಮೆ ಹೀಗೇ ಆಗಿತ್ತು. ಲಕ್ಷ್ಮೇಶ್ವರದ ಸಂಬಂಧವೊಂದು ನಿಶ್ಚಯವಾಗಿ, ಆ ಮೇಲೆ ಹುಡುಗನ ಕಡೆಯವರು ಒಲ್ಲೆ ಎಂದಿದ್ದರು. ಅವ್ವ, ಅಪ್ಪ, ಅಣ್ಣ ಎಲ್ಲರಿಗೂ ಗೊತ್ತಿತ್ತು. ಅವಳೊಬ್ಬಳು ಮಾತ್ರ ದರ್ಜಿಯ ಅಂಗಡಿಗೆ ಬ್ಲೌಸು ಹೊಲಿಸಲು ಓಡಾಡುತ್ತಿದ್ದಳು. ‘ನೀ ಮೊದಲ ಅಂಜುಬುರುಕಿ, ಹ್ಯಾಂಗ ಹೇಳೂದು ಅಂತ ಸುಮ್ಮನಿದ್ವಿ’ ಎಂದಿದ್ದಳು ಅವ್ವ. ಸಂಬಂಧ ಮುರಿದದ್ದು ಬೇಗ ಮರೆತುಹೋಯಿತು. ಆ ಸುಮ್ಮನಿದ್ದದ್ದು ಮರೆಯಲಿಲ್ಲ.

ಬಸ್‌ಸ್ಟ್ಯಾಂಡಿನವರೆಗೆ ಗವಿಸಿದ್ದೇಶ ಹಿಂದೆಯೇ ಬಂದ.

“ಹೇಳಬೇಕಂತ ಇದ್ದೆ ಮೇಡಂ. ನೀವು ಅಂಜತೀರಿ, ಬ್ಯಾಡ ಅಂತೀರಿ ಅಂತ…”

“ಅಂಜತಿದ್ದೆ. ನಾಕು ದಿನ ನಿದ್ದಿ ಬರ್ತಿದ್ದಿಲ್ಲ. ಮತ್ತೂ ನೂರು ಪ್ರಶ್ನೆ ಕೇಳತಿದ್ದೆ. ಆಮ್ಯಾಲೆ ಇದನ್ನ ಮಾಡೇ ಮಾಡತಿದ್ದೆ.” ಅವಳ ದನಿ ಏರಲಿಲ್ಲ. “ನನ್ನ ಅಂಜಿಕಿ ಅಷ್ಟು ನೋಡೀರಿ. ಅದರ ಮುಂದಿಂದು ನೋಡೇ ಇಲ್ಲ ನೀವು.”

ಬಸ್ಸು ಬಂತು. ಅವಳು ಹತ್ತಿದಳು, ತಿರುಗಿ ನೋಡಲಿಲ್ಲ. ನೋಡಬಾರದೆಂದು ಬೆಟಗೇರಿಯವರೆಗೂ ಕತ್ತು ಬಿಗಿಹಿಡಿದಿದ್ದಳು.

ಮರುದಿನ ಮೊದಲ ಪೀರಿಯಡ್‌ನಲ್ಲೇ ಅವಳು ಮಕ್ಕಳ ಮುಂದೆ ಎಲ್ಲವನ್ನೂ ಇಟ್ಟಳು. ರೆಕ್ಕೆಗೆ ಸಿಡಿಲು ಬಡಿದಿತ್ತು. ನನಗೂ ಗೊತ್ತಿರಲಿಲ್ಲ. ಹಿರಿಯರು ಬೇಡ ಅನ್ನುತ್ತಿದ್ದಾರೆ. ನಿಮಗೆ ಅಂಜಿಕೆಯಾದರೆ ಅದರಲ್ಲಿ ತಪ್ಪಿಲ್ಲ. “ಈಗ ಏನು ಮಾಡೂಣು?”

ಮಕ್ಕಳೆಲ್ಲ ಕಿಟಕಿಯಾಚೆಯ ರೆಕ್ಕೆಯತ್ತ ಕತ್ತು ತಿರುಗಿಸಿದರು.

“ಎಲ್ಲಿ ಬಡದೈತ್ರಿ ಅಕ್ಕೋರ? ನಾವು ನೋಡೇ ಇಲ್ಲಲ್ಲ,” ಎಂದಳು ರೇಷ್ಮಾ.

“ತುದಿಗೆ. ಅದು ಗುಡ್ಡದ ಬುಡದಾಗ ಉಳದೈತಿ.”

“ಹಂಗಾದ್ರ ಅದನ್ನ ತರಸ್ರಿ. ನೋಡದ ಹ್ಯಾಂಗ ಅಂಜೂದು?” ಎಂದ ಪರಶುರಾಮ. ಕ್ಲಾಸು ನಕ್ಕಿತು. ಚನ್ನಮ್ಮನೂ ನಕ್ಕಳು. ನಕ್ಕ ಮೇಲೆ ಬೆನ್ನು ನೆಟ್ಟಗಾಯಿತು.

ಫೋನ್ ಹಚ್ಚಿ ಎರಡೇ ಮಾತು ಹೇಳಿದಳು. “ಮಕ್ಕಳಿಗೆ ಆ ತುದಿ ಬೇಕಂತ. ತರತೀರೇನು?”

ಅದನ್ನು ಅವನು ಶನಿವಾರ ಬೆಳಿಗ್ಗೆ ತಂದ. ಊರ ಹೊರಗಿನ ಹಾದಿ ಇತ್ತು, ತಾಡಪತ್ರಿ ಹೊದಿಸಬಹುದಿತ್ತು. ಆದರೆ ಅವನು ಪಿಕಪ್ ಗಾಡಿಯನ್ನು ಪೇಟೆಯ ನಡುವೆಯೇ ಮೆಲ್ಲಗೆ ಓಡಿಸಿಕೊಂಡು ಬಂದ. ಹಿಂದೆ ಸೀಳಿ ಬಾಯ್ದೆರೆದ, ಕರಕಾದ ತುದಿ ಎಲ್ಲರಿಗೂ ಕಾಣುವಂತೆ ಮಲಗಿತ್ತು. ಚಹದಂಗಡಿಯಲ್ಲಿ ಕೂತಿದ್ದ ಹುಚ್ಚೀರಪ್ಪ ಎದ್ದು ನಿಂತ.

“ಏನಲೇ ಅದು, ಮೆರವಣಿಗಿ ಹೊಂಟೀಯೇನು?”

“ಹೌದ್ರಿ ಯಜಮಾನ್ರ. ನಾ ಮುಚ್ಚಿಟ್ಟಿದ್ದೆ. ಈಗ ತೋರಸಾಕ ಹೊಂಟೀನಿ. ನೀವೂ ಬರ್ರಿ.”

ಅಂಗಳದಲ್ಲಿ ಜನ ನೆರೆದರು. ಗವಿಸಿದ್ದೇಶ ತುದಿಯಲ್ಲಿದ್ದ ಲೋಹದ ಬಿಲ್ಲೆ ತೋರಿಸಿದ. ಸಿಡಿಲನ್ನು ಹಿಡಿದು, ಒಳಗಿನ ತಂತಿಯ ಗುಂಟ ನೆಲಕ್ಕೆ ಮುಟ್ಟಿಸುವುದು ಅದರ ಕೆಲಸ. ತಂತಿ ಎಲ್ಲೋ ಬಿಟ್ಟುಕೊಂಡಿದ್ದರಿಂದ ತುದಿ ಸೀಳಿತ್ತು. ಮಕ್ಕಳು ಕೈಗವಸು ತೊಟ್ಟು ಸೀಳಿಗೆ ಕೈಹಾಕಿದರು. ತಂತಿ ಹಿಡಿದು ಎಲ್ಲಿ ಬಿಟ್ಟಿದೆ ಎಂದು ಹುಡುಕಿದರು. ರೇಷ್ಮಾ ಅದನ್ನು ಕಂಡುಹಿಡಿದು ಕೂಗಿದಾಗ ಹುಚ್ಚೀರಪ್ಪನೂ ಬಗ್ಗಿ ನೋಡಿದ. ಆಮೇಲೆ ನೋಡಲೇ ಇಲ್ಲವೆಂಬಂತೆ ಎದ್ದು ನಿಂತ.

ಚನ್ನಮ್ಮ ಅವನೆದುರು ಹೋದಳು. “ಯಜಮಾನ್ರ, ನನಗೂ ಸಿಡಲಿನ ಅಂಜಿಕಿ ಐತಿ. ಅದಕ್ಕ ಈ ತುದಿ ಇಲ್ಲೇ ಬಾಗಲದಾಗ ಇರಲಿ. ಹುಡುಗ್ರು ದಿನಾ ನೋಡಲಿ, ಕಲೀಲಿ. ಇದನ್ನ ನಾ ತೆಗಸಂಗಿಲ್ಲ.”

ಹುಚ್ಚೀರಪ್ಪ ಬಹಳ ಹೊತ್ತು ಮೀಸೆ ಸವರಿದ.

“ನಾ ಅಂತೂ ಇದರಾಗ ಕಾಲಿಡಂಗಿಲ್ಲ,” ಎಂದ ಕೊನೆಗೆ. “ಹುಡುಗ್ರು ಕುಂಡ್ರಲಿ. ಆದ್ರ ಶಾಲಿಗೆ ಸಿಡಲ ಹಿಡಿಯೂ ಕಂಬ ಒಂದು ಹಾಕ್ರಿ, ಮೊದಲ. ಮಳಿ ಬಂದ್ರ ಒಬ್ಬರೂ ಒಳಗ ಇರಬಾರದು. ಆತಿಲ್ಲೋ?”

“ಆತ್ರಿ,” ಎಂದರು ಇಬ್ಬರೂ ಒಟ್ಟಿಗೆ. ಒಟ್ಟಿಗೆ ಅಂದದ್ದಕ್ಕೆ ಜನ್ನತಬಿ ಕೆಮ್ಮಿದಳು.

ಕಂಬ ನಿಂತ ಮೇಲೆ ಓದುಕೋಣೆ ತೆರೆಯಿತು. ಆ ಮಧ್ಯಾಹ್ನ ಮಕ್ಕಳು ಊಟಕ್ಕೆ ಹೋದಾಗ ಚನ್ನಮ್ಮ ಎತ್ತರದ ತುದಿಯಲ್ಲಿ ಪುಸ್ತಕ ಜೋಡಿಸುತ್ತಿದ್ದಳು. ಕಿರಿದಾದ ತುದಿಯಲ್ಲಿ ಗವಿಸಿದ್ದೇಶ ಬಂದು ಕೂತದ್ದು ಅವಳಿಗೆ ತಿಳಿಯಲಿಲ್ಲ. ಅವನು ಅಲ್ಲಿಂದ ಮೆಲ್ಲಗೆ ಮಾತಾಡಿದ. ದುಂಡನೆಯ ಗೋಡೆಗುಂಟ ಹರಿದು ಬಂದ ಆ ಮಾತು ಅವಳ ಕಿವಿಯ ಪಕ್ಕದಲ್ಲೇ ಹುಟ್ಟಿದ ಹಾಗಿತ್ತು.

“ಇನ್ನಷ್ಟು ಹೇಳೂದು ಉಳದೈತ್ರಿ.”

ಅವಳ ಕೈಯ ಪುಸ್ತಕ ಅಲ್ಲೇ ನಿಂತಿತು. “ಹೇಳ್ರಿ.”

“ದೀಪಾವಳಿ ಆದ ಮ್ಯಾಲೆ ನನ್ನ ಚಿತ್ರದುರ್ಗದ ಸೈಟಿಗೆ ಕಳಸ್ತಾರ. ಎಷ್ಟು ದಿನಾ ಅಂತ ಗೊತ್ತಿಲ್ಲ. ಫ್ಯಾನ್ ಏರೂ ಕೆಲಸ ಬಿಡಂಗಿಲ್ಲ ನಾನು, ಏರಿದಾಗೆಲ್ಲ ನೀವು ಕೆಳಗ ಚಿಂತಿ ಮಾಡತೀರಿ, ಅದೂ ಗೊತ್ತೈತಿ. ನಮ್ಮವ್ವ ಒಂದು ಹುಡುಗಿ ನೋಡಿದ್ಲು. ಒಲ್ಲೆ ಅಂದೆ. ಯಾಕ ಅಂತ ಕೇಳಿದ್ಲು. ನಿಮ್ಮ ಹೆಸರು ಹೇಳೀನಿ. ಅವ್ವ ಮೂರು ದಿನ ಮಾತಾಡಿಲ್ಲ.” ಉಸಿರು ತೆಗೆದುಕೊಂಡ. “ಇಷ್ಟರಾಗ ಚಲೋ ಸುದ್ದಿ ಒಂದೂ ಇಲ್ಲ. ನಿಮ್ಮ ಮ್ಯಾಲೆ ನನಗ ಜೀವ ಐತಿ ಅನ್ನೂದೊಂದು ಬಿಟ್ರ.”

ಹೊರಗೆ ತಟ್ಟೆಗಳ ಸದ್ದು. ಚನ್ನಮ್ಮನಿಗೆ ಎದೆ ಬಡಿದುಕೊಳ್ಳುವುದು ಗೋಡೆಗುಂಟ ಅವನಿಗೂ ಕೇಳುತ್ತಿದೆಯೇನೋ ಅನ್ನಿಸಿತು.

“ಭಾಳ ಅಂಜಿಕಿ ಬರಾಕತ್ತೈತಿ,” ಎಂದಳು.

“ಗೊತ್ತೈತ್ರಿ,” ಎಂದ ಅವನು. ಆಮೇಲೆ, ಕಲಿತವನ ಹಾಗೆ ತಾಳ್ಮೆಯಿಂದ ಕೇಳಿದ. “ಅದರ ಮುಂದ?”

ಅವಳು ಪುಸ್ತಕವನ್ನು ಅದರ ಜಾಗದಲ್ಲಿ ಇಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನಿದ್ದ ಕಡೆ ನಡೆದಳು. ಚಾವಣಿ ಇಳಿಯುತ್ತ ಬಂದ ಹಾಗೆ ಬಗ್ಗಿದಳು, ಕೊನೆಗೆ ಮಂಡಿಯೂರಿ ಅವನೆದುರು ಕೂತಳು.

“ಐತಾರ ಕೋಟುಮಚಗಿಗೆ ಬಸ್ ಎಷ್ಟಕ್ಕ ಐತಿ?”

“ಯಾಕ್ರಿ?”

“ನಿಮ್ಮವ್ವನ ಕೂಡ ನಾನ ಮಾತಾಡತೀನಿ,” ಎಂದಳು ಚನ್ನಮ್ಮ. “ನೀವು ಮನ್ಯಾಗಿರ್ರಿ. ಆದ್ರ ನಡುವ ಬಾಯಿ ಹಾಕಬ್ಯಾಡ್ರಿ.”