ಪಕೀರಪ್ಪನವರ ಅಂಕಿಗಳು

ಚಿತ್ತವಾಡ್ಗಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಬೋರ್ಡ್ ಬರೆಯುವ ಪಕೀರಪ್ಪನವರ ಕೈಬರಹ ನನಗೆ ಹುಚ್ಚು ಹಿಡಿಸಿತ್ತು: ಕೂದಲೆಳೆಯಷ್ಟು ತೆಳ್ಳಗೆ, ಬಲಕ್ಕೆ ವಾಲಿ, ಪ್ರತಿ ಅಕ್ಷರದ ತುದಿಗೂ ಪುಟ್ಟ ಪಾದ. ಅದನ್ನೇ ಕಂಪ್ಯೂಟರಿನ ಫಾಂಟ್ ಮಾಡುತ್ತಿದ್ದೆ. ಅಕ್ಷರಗಳನ್ನೆಲ್ಲ ಬರೆದುಕೊಟ್ಟು, "ಅಂಕಿ ನಾಳೆ ಬರ್ದು ಕೊಡ್ತೀನವ್ವ" ಎಂದು ಹೋದವರು ಬೆಳಗಾಗುವಷ್ಟರಲ್ಲಿ ತೀರಿಕೊಂಡಿದ್ದರು. ಫಾಂಟಿನಲ್ಲಿ ಅಂಕಿಗಳ ಹತ್ತು ಮನೆಗಳನ್ನೂ ಖಾಲಿ ಬಿಟ್ಟೆ.

ವರ್ಷ ತುಂಬಿದ ಮೇಲೆ, ಅವರ ಮಗಳ ಲಗ್ನಪತ್ರಿಕೆಯನ್ನು ಆ ಫಾಂಟಿನಲ್ಲೇ ಜೋಡಿಸಿದೆ. ತಾರೀಖಿಗೆ ಮಾತ್ರ ಬೇರೆ ಫಾಂಟಿನ ನೆಟ್ಟಗಿನ ದಪ್ಪ ಅಂಕಿ ಹಾಕಿದೆ. ಮಟಮಟ ಮಧ್ಯಾಹ್ನ, ಅವರ ಹೆಂಡತಿ ಊರಮ್ಮ ಎದುರಿಗೇ ಕೂತಿದ್ದರು. ಪ್ರಿಂಟರಿನಿಂದ ಬಿಸಿಬಿಸಿಯಾಗಿ ಬರಬೇಕಾದ ಹಾಳೆ ತಣ್ಣಗೆ ಬಂತು. ಬ್ರಷ್ ತೊಳೆಯುವ ಟರ್ಪೆಂಟೈನಿನ ವಾಸನೆ. ತಾರೀಖು ತೆಳ್ಳಗೆ, ಬಲಕ್ಕೆ ವಾಲಿ ನಿಂತಿತ್ತು. ಊರಮ್ಮ ಮುಟ್ಟಿದರು, ಬೆರಳಿಗೆ ಕಪ್ಪು ಬಣ್ಣ ಹತ್ತಿತು.

"ಇನ್ನೂ ಹಸಿ ಐತವ್ವ. ಆರೋತನಕ ಮುಟ್ಟಬ್ಯಾಡ ಅಂತಿದ್ರು ಅವ್ರು" ಎಂದು ಸೆರಗಿಗೆ ಬೆರಳೊರೆಸಿಕೊಂಡು, ಮೊದಲ ಪತ್ರಿಕೆ ದೇವರಿಗೆಂದು ಅದೇ ಹಾಳೆ ಒಯ್ದರು.

ಫಾಂಟ್ ತೆರೆದು ನೋಡಿದೆ. ಆ ತಾರೀಖಿನ ಅಂಕಿಗಳಷ್ಟೇ ತುಂಬಿದ್ದವು, ಉಳಿದ ಮನೆಗಳು ಖಾಲಿ.

ಇವತ್ತು ಬೆಳಿಗ್ಗೆ ನೋಡಿದರೆ, ಖಾಲಿಯಿದ್ದ ಒಂದು ಮನೆಯಲ್ಲಿ ಏಳರ ಅಂಕಿ ಬಂದು ಕೂತಿದೆ. ಏಳು ಇರುವ ಪತ್ರಿಕೆ ಮಾಡಿಸಲು ಇನ್ನೂ ಯಾರೂ ಬಂದಿಲ್ಲ.