ತಿಮಿಂಗಿಲದ ಕಿವಿ

ಹಾಲೆಂಡಿನ ದಂಡೆಯ ವೈಕ್‌ಡಾಯ್ನ್ ಊರಿನ ಮೀನುಗಾರರ ಸಭಾಮನೆಯಿಂದ ನಾಲ್ಕು ನೂರು ವರ್ಷದ ಚಿತ್ರವೊಂದನ್ನು ಕದ್ದು, ಅದೇ ಮೊಳೆಗೆ ನಕಲು ತೂಗುಹಾಕಲಾಗಿತ್ತು. ದೂರು ಕೊಟ್ಟವಳು ಕಸ ಗುಡಿಸುವ ಮುದುಕಿ ನೇಲ್ತ್ಯಾ. ಸುಳ್ಳು ಹಬ್ಬಿಸಿದ್ದಕ್ಕೆ ನಾಳೆಯಿಂದ ಕೆಲಸವಿಲ್ಲ ಎಂದು ಮೇಲ್ವಿಚಾರಕ ಕ್ಲೆಮೆನ್ಸ್ ಅವಳಿಗೆ ಹೇಳಿದ್ದ.

ಇನ್ಸ್‌ಪೆಕ್ಟರ್ ಗೇರ್ತ್ಯಾ ಚಿತ್ರ ನೋಡಿದಳು. ಮರಳಿನ ಮೇಲೆ ಸತ್ತುಬಿದ್ದ ತಿಮಿಂಗಿಲ. ಬುಟ್ಟಿ ಹಿಡಿದು ಬಂದ ಹೆಂಗಸರು. ಅವರನ್ನು ಈಟಿಯಿಂದ ಹಿಂದಕ್ಕೆ ತಳ್ಳುವ ದೊರೆಯ ಕಾವಲುಗಾರರು. ದಡಕ್ಕೆ ಬಿದ್ದದ್ದೆಲ್ಲ ಆಗ ದೊರೆಯದ್ದು.

"ನಕಲು ಅಂತ ಹೇಗೆ ಗೊತ್ತಾಯ್ತು ಅಜ್ಜಿ?"

"ಕಿವಿ ಇಲ್ಲ."

"ತಿಮಿಂಗಿಲಕ್ಕೆ ಹೊರಗೆ ಕಿವಿ ಇರಲ್ಲ."

"ನಮ್ಮದಕ್ಕಿತ್ತು. ಮೂವತ್ತು ವರ್ಷ ಧೂಳು ಹೊಡೆದಿದ್ದೀನಿ ತಾಯಿ. ನಿನ್ನ ಗಂಡನ ಕಿವಿ ಕಾಣೆಯಾದ್ರೆ ನಿನಗೆ ಗೊತ್ತಾಗಲ್ವಾ?"

ಕ್ಲೆಮೆನ್ಸ್ ನಕ್ಕ. "ಮುದುಕಿಗೆ ಅರಳುಮರಳು, ಮೇಡಂ."

* * *

ಮಾರ್ಚ್‌ನಲ್ಲಿ ಚಿತ್ರದ ಕಟ್ಟು ರಿಪೇರಿಗೆ ಹೋಗಿತ್ತು. ಗೇರ್ತ್ಯಾ ಬಡಗಿಯನ್ನು ಹಿಡಿದಳು.

"ನೀನೇ ಬದಲಾಯಿಸಿದ್ಯಾ?"

"ನನಗೆ ಬಂದಿದ್ದು ಬರೀ ಕಟ್ಟು ಮೇಡಂ. ಚಿತ್ರ ಕ್ಲೆಮೆನ್ಸ್ ಸಾಹೇಬ್ರ ಮನೇಲೇ ಇತ್ತು."

ಅಸಲು ಚಿತ್ರ ನೋಡಿ ಹಿಂದಿನ ಕಾಲದಲ್ಲೇ ಕೆತ್ತಿ ಅಚ್ಚು ಹಾಕಿದ್ದ ಪ್ರತಿಯೊಂದು ಚರ್ಚಿನಲ್ಲಿ ಸಿಕ್ಕಿತು. ಅದರಲ್ಲಿ ತಿಮಿಂಗಿಲದ ಕಣ್ಣಿನ ಪಕ್ಕದಲ್ಲೇ ಎಲೆಯಂಥ ಕಿವಿ!

* * *

ಮರುದಿನ ಬೆಳಿಗ್ಗೆ ಮೇಯರ್ ಎದುರಿಗೇ ಗೇರ್ತ್ಯಾ ಅಂದಳು, "ಇದು ನಕಲೇ. ಈಜುರೆಕ್ಕೆ ತಪ್ಪು ಜಾಗದಲ್ಲಿದೆ."

ಕ್ಲೆಮೆನ್ಸ್ ಕೆಂಪಾದ. "ತಪ್ಪಾ? ಇರಬೇಕಾದ ಜಾಗದಲ್ಲೇ ಇದೆ! ತಪ್ಪಿದ್ದದ್ದು ಹಳೇದರಲ್ಲಿ!"

"ಹಳೇದು ಯಾವುದು ಸಾರ್?"

ಕ್ಲೆಮೆನ್ಸ್ ಬಾಗಿಲ ಕಡೆ ನೋಡಿದ.

"ಆ ಕಾಲದ ಚಿತ್ರಕಾರ ಜೀವಂತ ತಿಮಿಂಗಿಲ ಕಂಡವನಲ್ಲ," ಎಂದಳು ಗೇರ್ತ್ಯಾ. "ದಡದಲ್ಲಿ ಕೊಳೆಯುತ್ತಿದ್ದ ಹೆಣ ನೋಡಿ, ರೆಕ್ಕೆಯನ್ನೇ ಕಿವಿ ಅಂದುಕೊಂಡು ಕಣ್ಣಿನ ಪಕ್ಕ ಬರೆದ. ನೀವು ಓದಿದವರು. ಕದಿಯುವಾಗಲೂ ನಕಲಿನಲ್ಲಿ ಆ ತಪ್ಪು ತಿದ್ದಿಸಿದ್ರಿ."

ಅಸಲು ಚಿತ್ರ ಅವನ ಬೀರುವಿನ ಹಿಂದೆ ಸಿಕ್ಕಿತು. ಪರದೇಶದವನಿಗೆ ಮಾರಲು ಸುತ್ತಿಟ್ಟಿದ್ದ.

* * *

ಸಂಜೆ ಚಿತ್ರ ಮತ್ತೆ ಗೋಡೆಯೇರಿತು. ಮೀನುಗಾರರ ಮನೆಯ ಹೆಂಗಸರೆಲ್ಲ ನೋಡಲು ಬಂದಿದ್ದರು. ಮೇಯರ್ ಗಂಟಲು ಸರಿಮಾಡಿಕೊಂಡ.

"ಇಂಥದ್ದು ನಿಮ್ಮಂಥವರ ಕೈಲಿ ಉಳಿಯಲ್ಲ. ದೊಡ್ಡ ಊರಿನ ಮ್ಯೂಸಿಯಂಗೆ ಕಳಿಸೋಣ. ನಿಮಗೆ ನಕಲು ಸಾಕು. ನೇಲ್ತ್ಯಾ, ಬಟ್ಟೆ ತಂದು ಸುತ್ತು."

ನೇಲ್ತ್ಯಾ ಚಿತ್ರದ ಕೆಳಗೆ ಕುರ್ಚಿ ಎಳೆದು ಕೂತಳು. ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ನಿಂತರು.

"ನಕಲನ್ನೇ ಅವರಿಗೆ ಕಳಿಸಿ ಸಾಹೇಬ್ರೇ. ಅದರಲ್ಲಿ ತಪ್ಪೇ ಇಲ್ಲವಂತೆ. ಇದನ್ನ ಮಾತ್ರ ನಾನು ಸುತ್ತಲ್ಲ."