ಮೇಷ್ಟ್ರ ಸಹಿ

ಸೋಮವಾರ ಬೆಳಿಗ್ಗೆ ಮನವಿಯ ಸಹಿಗಳ ಪಟ್ಟಿ ಹೊರಬಿತ್ತು. ಊರಿನ ಶಾಲೆ ಉಳಿಯಲಿ ಎಂದು ಸಹಿ ಹಾಕಿದವರು ನಲವತ್ತು, ಮುಚ್ಚಲಿ ಎಂದವರು ನಲವತ್ತೊಂದು. ಆ ನಲವತ್ತೊಂದರಲ್ಲಿ ಎಂಡೆಲ್ ಮೇಷ್ಟ್ರ ಹೆಸರೂ ಇತ್ತು. ಅಲ್ಲಿ ಮೂವತ್ತೆಂಟು ವರ್ಷ ಪಾಠ ಹೇಳಿದವರು, ಶಾಲೆ ಉಳಿಸಿ ಎಂದು ಮನೆಮನೆ ತಿರುಗಿದವರು ಅವರೇ. ಮಧ್ಯಾಹ್ನದೊಳಗೆ ಅವರ ಬಾಗಿಲಿಗೆ ಯಾರೋ ಕೆಸರು ಎರಚಿದ್ದರು.

ಮೇಷ್ಟ್ರು ನೇರ ಗ್ರಂಥಾಲಯಕ್ಕೆ ಬಂದರು. ಗ್ರಂಥಪಾಲಕಿ ಲೈನೆಯ ಜೊತೆ ಕಾಫಿ ಕುಡಿಯುತ್ತಿದ್ದ ಸಾಲ್ಮೆ ಲೋಟ ಕೆಳಗಿಟ್ಟಳು. ಪೊಲೀಸ್ ಕೆಲಸ ಬಿಟ್ಟು ಆರು ವರ್ಷವಾಗಿದ್ದರೂ ಊರಲ್ಲಿ ಏನೇ ಆದರೂ ಜನ ಹುಡುಕಿಕೊಂಡು ಬರುತ್ತಿದ್ದುದು ಅವಳನ್ನೇ.

"ನಾನು ಹಾಕಿಲ್ಲ ಕಣಮ್ಮ," ಎಂದರು ಮೇಷ್ಟ್ರು. "ಎಲ್ಲರದ್ದೂ ಆದ್ಮೇಲೆ ನನ್ನದು ಅಂತ ಭಾನುವಾರ ಹಾಕೋಕೆ ಇಲ್ಲಿಗೆ ಬಂದ್ರೆ 'ನಿಮ್ಮ ಸಹಿ ಆಗಿದೆ' ಅಂತು ಕಂಪ್ಯೂಟರು. ವಯಸ್ಸಾಯ್ತು, ಹಾಕಿ ಮರ್ತಿರಬೇಕು ಅಂದ್ಕೊಂಡೆ."

"ಗುರುತಿನ ಕಾರ್ಡು ಎಲ್ಲಿರುತ್ತೆ?" ಎಂದಳು ಸಾಲ್ಮೆ. ಆ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಗುಪ್ತಸಂಖ್ಯೆ ಒತ್ತಿದರೆ ಸಹಿಯೂ ಆಗುತ್ತಿತ್ತು, ಮತವೂ ಬೀಳುತ್ತಿತ್ತು.

"ಕೋಟಿನ ಜೇಬಲ್ಲಿ. ಗುಪ್ತಸಂಖ್ಯೆಯ ಚೀಟಿನೂ ಅಲ್ಲೇ."

"ಭೇಷ್! ಬೀಗ, ಕೀಲಿ ಎರಡೂ ಒಂದೇ ಜೇಬಲ್ಲಿ."

ಲೈನೆ ದಾಖಲೆ ತೆಗೆದು ನೋಡಿದಳು: ಸಹಿ ಬಿದ್ದದ್ದು ಗುರುವಾರ ಬೆಳಿಗ್ಗೆ ಹತ್ತು ನಲವತ್ತೊಂದಕ್ಕೆ, ಇದೇ ಗ್ರಂಥಾಲಯದ ಕಂಪ್ಯೂಟರಿನಿಂದ. ಲೈನೆ ಆಗ ಹಿತ್ತಲಲ್ಲಿ ಪುಸ್ತಕದ ಪೆಟ್ಟಿಗೆ ಇಳಿಸಿಕೊಳ್ಳುತ್ತಿದ್ದಳು. ಮೇಷ್ಟ್ರು ಪಕ್ಕದ ಶಾಲೆಯ ನೆಲಮಾಳಿಗೆಯಲ್ಲಿ ಒಲೆಗೆ ಸೌದೆ ತುಂಬುತ್ತಿದ್ದರು. ಆಳಿಗೆ ಸಂಬಳ ಕೊಡುವವರಿಲ್ಲದೆ ಎರಡು ಚಳಿಗಾಲದಿಂದ ಆ ಕೆಲಸ ಅವರದೇ. ಕೋಟು ಮೇಲೆ ಗೂಟದಲ್ಲಿ ನೇತಾಡುತ್ತಿತ್ತು.

"ಆವತ್ತು ಶಾಲೆಗೆ ಯಾರ್ಯಾರು ಬಂದಿದ್ರು?"

"ಕಟ್ಟಡ ಅಳೆಯೋಕೆ ಆ ಕಾಲೆವ್ ಬಂದಿದ್ದ. ಹತ್ತಕ್ಕೆ ನಮ್ಮ ಮನೆಯವಳು, ಹೆಲ್ಯು, ಗಂಜಿ ತಂದ್ಲು, ದಿನಾ ತರೋ ಹಾಗೆ."

"ಕಾಲೆವನೇ!" ಎಂದಳು ಲೈನೆ. ಶಾಲೆ ಮುಚ್ಚಿದರೆ ಅಲ್ಲಿ ಹೋಟೆಲು ಮಾಡಲು ಹೊಂಚು ಹಾಕಿದ್ದವನು ಅವನು.

"ತಡಿ." ಸಾಲ್ಮೆ ಮೇಷ್ಟ್ರಿಂದ ಕಾರ್ಡು ಹಾಕಿಸಿ ಸರ್ಕಾರಿ ಜಾಲತಾಣ ತೆರೆಸಿದಳು. ಆ ಕಾರ್ಡಿನಿಂದ ಯಾವಾಗ ಏನೇನು ತೆರೆದಿದೆ ಎಂಬುದೆಲ್ಲ ಅಲ್ಲಿ ದಾಖಲಾಗಿತ್ತು. ಗುರುವಾರದ ಸಾಲಿನಲ್ಲಿ ಸಹಿಗೂ ಮೊದಲು, ಹತ್ತು ಮೂವತ್ತೆರಡಕ್ಕೆ, ಇನ್ನೊಂದು ದಾಖಲೆಯಿತ್ತು: ಮೇಷ್ಟ್ರ ಹೃದಯದ ತಪಾಸಣೆಯ ವರದಿ.

ಸಾಲ್ಮೆ ಎರಡೂ ಸಮಯವನ್ನು ಚೀಟಿಯಲ್ಲಿ ಬರೆದುಕೊಂಡಳು. "ಲೈನೆ, ಹೋಗಿ ಹೆಲ್ಯುನ ಕರ್ಕೊಂಡು ಬಾ."

ನಾಲ್ವರೂ ಮಕ್ಕಳ ಪುಸ್ತಕಗಳ ನಡುವಿನ ಗಿಡ್ಡ ಕುರ್ಚಿಗಳಲ್ಲಿ ಕೂತರು.

"ಕಾಲೆವ್ ಕದ್ದಿದ್ರೆ ಸಹಿ ಒತ್ತಿ ಓಡ್ತಿದ್ದ," ಎಂದಳು ಸಾಲ್ಮೆ. "ಈ ಕೈ ಮೊದಲು ವರದಿ ತೆರೀತು. ಒಂಬತ್ತು ನಿಮಿಷ ಓದ್ತು. ಆಮೇಲೆ ಸಹಿ. ಮೇಷ್ಟ್ರೇ, ನಿಮ್ಮ ಎದೆ ಬಗ್ಗೆ ಅಷ್ಟು ಹೊತ್ತು ಓದೋರು ಈ ಊರಲ್ಲಿ ಎಷ್ಟು ಜನ?"

ಹೆಲ್ಯು ತಲೆ ಎತ್ತಲಿಲ್ಲ. "ಸೌದೆ ಹೊತ್ತು ಆ ನೆಲಮಾಳಿಗೆ ಮೆಟ್ಟಿಲ ಮೇಲೆ ಎರಡು ಸಲ ಬಿದ್ರು. ಮೂರನೇದಕ್ಕೆ ನಾನು ಕಾಯಬೇಕಿತ್ತಾ? ನನ್ನ ಸಹಿನ ಮೊದಲನೇ ದಿನವೇ ಎದುರಿಗೆ ಕೂತು 'ಉಳಿಯಲಿ' ಅಂತ ಹಾಕಿಸಿದ್ರು. ಉಳಿದಿದ್ದು ಇವರದ್ದೊಂದೇ."

"ಹೆಸರು ಪಟ್ಟಿಗೆ ಬರುತ್ತೆ ಅಂತ ಗೊತ್ತಿರ್ಲಿಲ್ವಾ?" ಎಂದಳು ಸಾಲ್ಮೆ.

"ಯಾರಿಗೂ ಕಾಣಲ್ಲ ಅಂತ ಲೈನೆನೇ ಹೇಳಿದ್ಲಲ್ಲ."

ಲೈನೆ ಕಂಪ್ಯೂಟರಿನತ್ತ ತಿರುಗಿದಳು. ಹೇಳಿದ್ದು ನಿಜ, ಆದರೆ ಅದು ವಸಂತದ ಚುನಾವಣೆಯಲ್ಲಿ. ಅಲ್ಲಿ ಮತ ಗುಟ್ಟು. ಮನವಿಯ ಸಹಿ ಬಯಲು. ಅದೇ ಕಾರ್ಡು, ಅದೇ ಕುರ್ಚಿ. ವ್ಯತ್ಯಾಸ ಬಿಡಿಸಿ ಹೇಳಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ಶುಕ್ರವಾರದವರೆಗೆ ದೂರು ಕೊಡಬಹುದು," ಎಂದಳು ಸಾಲ್ಮೆ. "ಸಹಿ ಬಿದ್ದುಹೋಗುತ್ತೆ, ನಿಮ್ಮದು ಉಳಿಸೋರ ಕಡೆ ಸೇರುತ್ತೆ, ಶಾಲೆ ಉಳಿಯುತ್ತೆ. ಆದ್ರೆ ಕಾರ್ಡು ಯಾರ ಕೈಲಿತ್ತು ಅಂತ ಪೊಲೀಸರು ಕೇಳ್ತಾರೆ. ಅದು ಅಪರಾಧ, ಮೇಷ್ಟ್ರೇ."

ಮೇಷ್ಟ್ರು ಹೆಂಡತಿಯನ್ನು ನೋಡಿದರು. ಆಮೇಲೆ ಎದ್ದು ಅಂಗಳಕ್ಕೆ ಹೋದರು. ಅಲ್ಲಿ ಕಾಲೆವನೂ ಸೇರಿ ಇಪ್ಪತ್ತು ಮೂವತ್ತು ಜನ ಅವರಿಗಾಗಿ ಕಾಯುತ್ತಿದ್ದರು. ಹೆಚ್ಚಿನವರು ಅವರ ಕೈಯಲ್ಲೇ ಅಕ್ಷರ ಕಲಿತವರು.

"ಸಹಿ ನನ್ನದೇ. ನಾನೇ ಹಾಕಿದ್ದು."

ಯಾರೋ ನೆಲಕ್ಕೆ ಉಗಿದರು. ಮೇಷ್ಟ್ರು ನೆಲಮಾಳಿಗೆಯ ಕೀಲಿಯನ್ನು ಕಾಲೆವನ ಕೈಗಿಟ್ಟು ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದರು. ಗುಂಡಿಗಳೆಲ್ಲ ಒಂದೊಂದು ತೂತು ತಪ್ಪಿದವು. ಹಿಂದೆಯೇ ಬಂದಿದ್ದ ಹೆಲ್ಯು ಸರಿಪಡಿಸಲು ಕೈ ಚಾಚಿದಳು. ಮುಟ್ಟುವ ಧೈರ್ಯ ಬರಲಿಲ್ಲ.